ಉದ್ಯೋಗರಂಗದಲ್ಲಿ ಹಿರಿಯರೂ ಕಿರಿಯರೂ

ಗುರುಶಿಷ್ಯ ಸಂಬಂಧವೆಂಬುದು ಪಾಠಶಾಲೆಯ ಆವರಣದಲ್ಲಿ ಆರಂಭವಾಗಿ ಅಲ್ಲಿಯೇ ಮುಗಿದುಹೋಗುವಂಥದಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ನೇಮಕದ ಆದೇಶವನ್ನು ಕೈಯಲ್ಲಿ ಹಿಡಿದು ಕಚೇರಿಯ ಮೆಟ್ಟಿಲೇರುವ ತರುಣನು ಅಂದಿನಿಂದ ಇನ್ನೊಂದು ವಿದ್ಯಾಭ್ಯಾಸಕ್ಕೆ ತೊಡಗುತ್ತಾನೆ. ಅದಕ್ಕೆ ಪಠ್ಯಪುಸ್ತಕವಿಲ್ಲ, ಗಂಟೆ ಹೊಡೆಯುವವರಿಲ್ಲ, ಪರೀಕ್ಷೆಯ ದಿನವನ್ನು ಮುಂದಾಗಿ ತಿಳಿಸುವವರೂ ಇಲ್ಲ. ಪಕ್ಕದ ಮೇಜಿನಲ್ಲಿ ಇಪ್ಪತ್ತೈದು ವರ್ಷ ಕುಳಿತು ಪಳಗಿದ ಹಿರಿಯರೊಬ್ಬರಿದ್ದರೆ ಅವರೇ ಉಪಾಧ್ಯಾಯರು. ಇಲ್ಲವಾದರೆ ತನ್ನ ತಪ್ಪುಗಳೇ ಉಪಾಧ್ಯಾಯರು. ಈ ಎರಡನೆಯ ಉಪಾಧ್ಯಾಯರ ಶುಲ್ಕ ಬಹಳ ದುಬಾರಿಯಾದುದು. ಅದನ್ನು ತರುಣನೊಬ್ಬನೇ ತೆರುವುದಿಲ್ಲ. ಅವನನ್ನು ನೇಮಿಸಿಕೊಂಡ ಸಂಸ್ಥೆಯೂ, ಅದರ ಬಾಗಿಲಿಗೆ ಕೆಲಸಕ್ಕಾಗಿ ಬಂದ ಜನರೂ ಕೂಡಿಯೇ ತೆರಬೇಕಾಗುತ್ತದೆ.

ಹೀಗೆ ಕೈಹಿಡಿದು ನಡೆಸುವ ಹಿರಿಯನಿಗೆ ಇಂದಿನ ಕಚೇರಿಗಳಲ್ಲಿ ಮೆಂಟರ್ ಎಂಬ ಹೆಸರು ರೂಢಿಗೆ ಬಂದಿದೆ. ಈ ಶಬ್ದದ ಮೂಲವು ಕುತೂಹಲಕರವಾಗಿದೆ. ಗ್ರೀಕ್ ಮಹಾಕವಿ ಹೋಮರನ ಒಡಿಸ್ಸಿಯಲ್ಲಿ ಮೆಂಟರ್ ಎಂಬವನು ಒಡಿಸ್ಯೂಸನ ಹಳೆಯ ಗೆಳೆಯ. ಯುದ್ಧಕ್ಕೆ ಹೊರಟ ರಾಜನು ತನ್ನ ಮನೆವಾರ್ತೆಯನ್ನು ಇವನ ಮೇಲ್ವಿಚಾರಣೆಗೆ ಒಪ್ಪಿಸಿ ಹೋಗುತ್ತಾನೆ. ಆದರೆ ರಾಜಪುತ್ರ ಟೆಲಿಮ್ಯಾಕಸನಿಗೆ ಸಕಾಲದಲ್ಲಿ ಬುದ್ಧಿ ಹೇಳಿ ಪ್ರಯಾಣಕ್ಕೆ ಹೊರಡಿಸುವವಳು ಆ ಮೆಂಟರನ ರೂಪ ತಳೆದು ಬಂದ ಅಥೀನಾದೇವಿಯೇ ಹೊರತು ಮೆಂಟರನಲ್ಲ. 1699ರಲ್ಲಿ ಫ್ರಾನ್ಸಿನ ಫೆನೆಲಾನ್ ಎಂಬ ವಿದ್ವಾಂಸನು ಈ ರಾಜಪುತ್ರನ ಪ್ರವಾಸವನ್ನು ಕುರಿತು ಕಥೆಯೊಂದನ್ನು ಪ್ರಕಟಿಸಿ, ಅದರಲ್ಲಿ ಮೆಂಟರನಿಗೆ ದೊಡ್ಡ ಪಾತ್ರ ಕೊಟ್ಟಮೇಲೆ ಈ ಹೆಸರು ಯೂರೋಪಿನಲ್ಲೆಲ್ಲ ಸಾಮಾನ್ಯನಾಮವಾಗಿ ಹಬ್ಬಿತು. ದೇವತೆಯ ವಿವೇಕ ಹಿರಿಯನೊಬ್ಬನ ಮೈಯಲ್ಲಿ ಬಂದು ಮಾತನಾಡಿ ಹೋಯಿತೆಂಬ ಆ ಕಲ್ಪನೆಯಲ್ಲಿ ಒಂದು ಸೂಕ್ಷ್ಮವುಂಟು. ಹಿರಿಯನ ತಿಳಿವಳಿಕೆ ಅವನ ಸ್ವಂತ ಆಸ್ತಿಯಲ್ಲ. ಅದು ಅವನಿಗಿಂತ ಮುಂಚಿನಿಂದ ಬಂದು, ಸ್ವಲ್ಪ ಕಾಲ ಅವನಲ್ಲಿ ನಿಂತಿರುವ ವಸ್ತು. ನಮ್ಮಲ್ಲಿ ಇದಕ್ಕೆ ಪರಂಪರೆಯೆಂದು ಹೆಸರು.

ಈಚಿನ ಸಭೆಸಮಾರಂಭಗಳಲ್ಲಿ ಎರಡು ದೂರುಗಳು ತಪ್ಪದೆ ಕೇಳಿಬರುತ್ತವೆ. ಕಿರಿಯರಿಗೆ ವಿನಯವಿಲ್ಲ, ಅವರು ಕೇಳುವುದಿಲ್ಲವೆಂದು ಹಿರಿಯರು. ಹಿರಿಯರಿಗೆ ಹೊಸತರ ಗಂಧವಿಲ್ಲ, ಅವರು ಹೇಳಿಕೊಡುವುದಿಲ್ಲವೆಂದು ಕಿರಿಯರು. ಎರಡರಲ್ಲಿಯೂ ಸ್ವಲ್ಪಮಟ್ಟಿನ ಸತ್ಯವಿಲ್ಲದೆ ಇಲ್ಲ. ಆದರೆ ರೋಗದ ಮೂಲ ಅಲ್ಲಿಲ್ಲ. ಹಿರಿಯರೂ ಕಿರಿಯರೂ ಒಂದೇ ಮೇಜಿನ ಎರಡು ಬದಿಯಲ್ಲಿ ಸಾಕಷ್ಟು ಕಾಲ ಕುಳಿತುಕೊಳ್ಳುವ ವ್ಯವಸ್ಥೆಯನ್ನೇ ನಮ್ಮ ಸಂಸ್ಥೆಗಳು ಕೈಬಿಟ್ಟಿವೆ. ಕುಳಿತರೂ ಆ ಹೊತ್ತನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಭೇಟಿಯೇ ಆಗದವರ ನಡುವೆ ವಿನಯವಿದ್ದೇನು, ಔದಾರ್ಯವಿದ್ದೇನು?

ಈ ಮಾತಿಗೆ ನಿದರ್ಶನವಾಗಿ ಬ್ಯಾಂಕುಗಳ ಕಡೆ ನೋಡಬಹುದು. ಬ್ಯಾಂಕೆಂಬುದು ಕನ್ನಡನಾಡಿಗೆ, ವಿಶೇಷವಾಗಿ ಕರಾವಳಿಗೆ, ಮನೆಯ ಕಸುಬಿನಂತಿತ್ತು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿಯೂ ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆ 1925ರಲ್ಲಿ ಉಡುಪಿಯಲ್ಲಿಯೂ ಹುಟ್ಟಿದವು. 1928ರಿಂದ ಪಿಗ್ಮಿ ಠೇವಣಿಯ ಹೆಸರಿನಲ್ಲಿ ಅಂಗಡಿ ಅಂಗಡಿಗೆ ಹೋಗಿ ಕಾಸು ಕಾಸು ಸಂಗ್ರಹಿಸಿದ ಪದ್ಧತಿಯೂ ಇಲ್ಲಿಯದೇ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದುವು. 1980ರಲ್ಲಿ ಮತ್ತೆ ಆರು. ಹಳ್ಳಿಗಳಲ್ಲಿ ಶಾಖೆಗಳು ತೆರೆದುವು. ಎಪ್ಪತ್ತು ಮತ್ತು ಎಂಬತ್ತರ ದಶಕಗಳಲ್ಲಿ ನಮ್ಮ ಪ್ರೌಢಶಾಲೆಗಳಿಂದ ಹೊರಬಂದ ಸಾವಿರಾರು ಮಂದಿ ತರುಣರು ಈ ಶಾಖೆಗಳಲ್ಲಿ ಗುಮಾಸ್ತರಾಗಿ, ಅಧಿಕಾರಿಗಳಾಗಿ ಸೇರಿಕೊಂಡರು. ಅನಂತರ ಏನಾಯಿತೆಂಬುದನ್ನು ಗಮನಿಸಬೇಕು. ತೊಂಬತ್ತರ ದಶಕದಲ್ಲಿ ಹೊಸ ನೇಮಕಗಳು ಬಹಳ ಮಟ್ಟಿಗೆ ನಿಂತುಹೋದುವು. 2000-01ರಲ್ಲಿ ಸ್ವಯಂನಿವೃತ್ತಿಯ ಯೋಜನೆ ಬಂದು ಸರ್ಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ನೌಕರರು ಒಂದೇ ಬಾರಿಗೆ ಹೊರನಡೆದರು. ಉಳಿದವರಿಗೂ ಒಬ್ಬೊಬ್ಬರಾಗಿ ಅರವತ್ತು ತುಂಬಿತು. ಮುಂದೆ ನಿವೃತ್ತಿಯ ಪ್ರವಾಹವೇ ಬರಲಿದೆಯೆಂದು 2010ರಲ್ಲಿ ಖಂಡೇಲವಾಲ್ ಸಮಿತಿಯು ತನ್ನ ವರದಿಯಲ್ಲಿ ಎಚ್ಚರಿಸಿತ್ತು. 2011ರಿಂದ ಸಾಮೂಹಿಕ ಪರೀಕ್ಷೆಗಳ ಮೂಲಕ ಇಪ್ಪತ್ತೆರಡು ಇಪ್ಪತ್ತಮೂರರ ಹರೆಯದವರು ದೊಡ್ಡ ಸಂಖ್ಯೆಯಲ್ಲಿ ಬಂದರು. ಹೀಗೆ ಅನೇಕ ಶಾಖೆಗಳಲ್ಲಿ ಐವತ್ತೆಂಟು ವರ್ಷದವರೊಬ್ಬರು, ಇಪ್ಪತ್ತೈದು ವರ್ಷದವರು ನಾಲ್ವರು. ನಡುವೆ ನಲವತ್ತರ ವಯಸ್ಸಿನವರು ಒಬ್ಬರೂ ಇಲ್ಲ. ಅವಿಭಕ್ತ ಕುಟುಂಬದಲ್ಲಿ ಅಜ್ಜನೂ ಮೊಮ್ಮಕ್ಕಳೂ ಮಾತ್ರ ಉಳಿದು, ತಂದೆತಾಯಿಗಳ ತಲೆಮಾರೇ ಕಾಣದಂತಾದರೆ ಹೇಗೋ ಹಾಗೆ.

ಅಜ್ಜನಲ್ಲಿ ಪ್ರೀತಿಯಿರುತ್ತದೆ, ಆದರೆ ಮಗುವಿಗೆ ಅಂಗಿಯ ಗುಂಡಿ ಹಾಕುವುದನ್ನು ದಿನವೂ ಕಲಿಸುವವಳು ತಾಯಿ. ಕಚೇರಿಯಲ್ಲಿಯೂ ಈ ನಡುವಿನ ತಲೆಮಾರೇ ಮೇಲಿನವರ ವಿವೇಕವನ್ನು ಕೆಳಗಿನವರ ಭಾಷೆಗೆ ಇಳಿಸಿ ಹೇಳುತ್ತಿತ್ತು. ವಿದ್ಯೆಯಲ್ಲಿ ಕಾಲುಭಾಗ ಮಾತ್ರ ಗುರುವಿನಿಂದ ಬರುವುದು, ಇನ್ನೊಂದು ಕಾಲುಭಾಗ ಜೊತೆಯವರಿಂದ ಬರುವುದು ಎಂದು ಪ್ರಾಚೀನರು ಹಾಕಿದ ಲೆಕ್ಕವನ್ನು ಸಂಸ್ಕೃತ ಬಲ್ಲವರೆಲ್ಲ ಕೇಳಿಯೇ ಇರುತ್ತಾರೆ. ಆ ಜೊತೆಯವರಲ್ಲಿ ನಾಲ್ಕು ವರ್ಷ ಮುಂದಿರುವವನ ಪಾತ್ರವೇ ದೊಡ್ಡದು.

ಪರೀಕ್ಷೆಯಲ್ಲಿ ಕಲಿಸದಿರುವುದು, ಹಿರಿಯರು ಮಾತ್ರ ಕಲಿಸಬಹುದಾದುದು ಯಾವುದೆಂದು ಕೇಳಬಹುದು. ಒಂದು ಪಹಣಿಯನ್ನು ತೆಗೆದುಕೊಳ್ಳೋಣ. ಕೃಷಿಸಾಲ ಬೇಡಿ ಬಂದ ರೈತನು ಅರ್ಜಿಯೊಡನೆ ಪಹಣಿಯನ್ನು ಮೇಜಿನ ಮೇಲಿಡುತ್ತಾನೆ. ವಿಸ್ತೀರ್ಣದ ಅಂಕಣದಲ್ಲಿ ಒಂದು, ಚುಕ್ಕಿ, ಇಪ್ಪತ್ತು ಎಂದಿದೆ. ಗಣಿತದಲ್ಲಿ ಪ್ರಥಮಶ್ರೇಣಿ ಪಡೆದು ದೂರದ ರಾಜ್ಯದಿಂದ ಬಂದ ಹೊಸ ಅಧಿಕಾರಿಯು ಅದನ್ನು ದಶಮಾಂಶವೆಂದು ಓದಿ, ಒಂದೂಕಾಲಿಗೂ ಕಡಮೆ ಎಕರೆಯೆಂದು ಬರೆದುಕೊಳ್ಳುತ್ತಾನೆ. ಅದು ದಶಮಾಂಶವಲ್ಲ, ಒಂದು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಎಕರೆಯಾದ್ದರಿಂದ ರೈತನ ಭೂಮಿ ಸರಿಯಾಗಿ ಒಂದೂವರೆ ಎಕರೆ. ಒಂದು ಚುಕ್ಕಿಯನ್ನು ತಪ್ಪಾಗಿ ಓದಿದ್ದಕ್ಕೆ ಹನ್ನೆರಡು ಗುಂಟೆ ಕಾಗದದಲ್ಲಿ ಮಾಯವಾಯಿತು. ಅದಕ್ಕೆ ತಕ್ಕಂತೆ ಸಾಲವೂ ಕುಗ್ಗಿತು. ಅನಂತರ ಖರಾಬಿನ ಪ್ರಶ್ನೆ. ಅದರಲ್ಲಿಯೂ ಎರಡು ಬಗೆ: ಸಾಗುವಳಿಗೆ ಒದಗದ ನೆಲ 'ಅ' ಖರಾಬು, ಹಳ್ಳ, ದಾರಿ ಮುಂತಾಗಿ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟದ್ದು 'ಬ' ಖರಾಬು. ಇದನ್ನು ಕಳೆಯದೆ ಲೆಕ್ಕ ಹಾಕಿದರೆ ತಪ್ಪು ಮತ್ತೊಂದು ದಿಕ್ಕಿಗೆ ತಿರುಗುತ್ತದೆ. ಇನ್ನು, ಪಹಣಿಯಲ್ಲಿ ಮೂವರು ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದು ಸಾಲಕ್ಕೆ ಬಂದವನು ಒಬ್ಬನೇ ಆದಾಗ ಉಳಿದಿಬ್ಬರನ್ನು ಏಕೆ ಕರೆಸಬೇಕು, ಕರೆಸಿದಾಗ ಮಾತನ್ನು ಹೇಗೆ ಎತ್ತಬೇಕು, ಯಾವ ಮನೆಯಲ್ಲಿ ಪಾಲಿನ ವ್ಯಾಜ್ಯ ಹೊಗೆಯಾಡುತ್ತಿದೆ - ಇದನ್ನೆಲ್ಲ ಆ ಶಾಖೆಯಲ್ಲಿ ಕೂದಲು ನೆರೆತ ಗುಮಾಸ್ತರೊಬ್ಬರು ಕುಳಿತಲ್ಲಿಂದಲೇ ಹೇಳಬಲ್ಲರು. ಅವರು ನಿವೃತ್ತರಾದ ದಿನ ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳುಹಿಸುತ್ತಾರೆ. ಮೂವತ್ತೈದು ವರ್ಷದ ಆ ತಿಳಿವಳಿಕೆಯೂ ಬುಟ್ಟಿಯ ಜೊತೆಗೇ ಮನೆಗೆ ಹೋಗುತ್ತದೆ.

ಭಾಷೆಯ ಮಾತೂ ಇದಕ್ಕೆ ಸೇರಿದುದೇ. ಹೊರರಾಜ್ಯದಿಂದ ಬಂದ ಅಧಿಕಾರಿಗೆ ಕನ್ನಡ ಬಾರದೆಂದು ಶಾಖೆಗಳಲ್ಲಿ ನಡೆಯುವ ಜಗಳಗಳು ಆಗಾಗ ಪತ್ರಿಕೆಗಳಿಗೂ ಏರುತ್ತವೆ. ಗ್ರಾಮೀಣ ಬ್ಯಾಂಕುಗಳ ನೇಮಕದ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಸರ್ಕಾರವು 2019ರಲ್ಲಿ ಪ್ರಕಟಿಸಿದ್ದು ಸ್ವಾಗತಾರ್ಹವೇ. ಆದರೆ ಬಂದಿರುವವನಿಗೆ ಕನ್ನಡವನ್ನು ಕಲಿಸುವವರಾರು? ಕೈಪಿಡಿಯಿಂದ ಮೂವತ್ತು ವಾಕ್ಯಗಳನ್ನು ಬಾಯಿಪಾಠ ಮಾಡಿಸಿದರೆ ಭಾಷೆ ಬರುವುದಿಲ್ಲ. ಮುದುಕಿಯೊಬ್ಬಳು ಪಿಂಚಣಿಯ ಹಣಕ್ಕಾಗಿ ಬಂದಾಗ 'ಏನಜ್ಜಿ, ಹುಷಾರಾಗಿದ್ದೀಯಾ' ಎಂದು ಮೊದಲು ಕೇಳಿ ಆಮೇಲೆ ಪಾಸ್‌ಬುಕ್ ಕೇಳಬೇಕೆಂಬುದನ್ನು ಪಕ್ಕದಲ್ಲಿ ಕುಳಿತ ಹಿರಿಯರ ನಡತೆಯಿಂದಲೇ ಕಲಿಯಬೇಕು. ಅಂಥ ಹಿರಿಯರೊಬ್ಬರು ಆರು ತಿಂಗಳು ಜೊತೆಗಿದ್ದರೆ ಹುಡುಗನು ಬಿಹಾರದವನಾದರೇನು, ಒಡಿಶಾದವನಾದರೇನು? ಅವನಿಗೆ ಕನ್ನಡವೂ ಬಂದೀತು, ಊರೂ ತಿಳಿದೀತು.

ಪರಂಪರೆ ಕಡಿದುಹೋದಾಗ ಆಗುವ ನಷ್ಟಕ್ಕೆ ಇನ್ನೊಂದು ಸಂದರ್ಭವನ್ನೂ ನೆನೆಯಬಹುದು. 1978ರ ಜನವರಿಯಲ್ಲಿ ಸರ್ಕಾರವು ಸಾವಿರ, ಐದು ಸಾವಿರ, ಹತ್ತು ಸಾವಿರ ರೂಪಾಯಿಗಳ ನೋಟುಗಳನ್ನು ರದ್ದು ಮಾಡಿತ್ತು. ಅಂದು ಇಪ್ಪತ್ತಮೂರು ವರ್ಷದ ಗುಮಾಸ್ತನಾಗಿದ್ದವನು 2016ರ ನವೆಂಬರ್ 8ರಂದು ಐನೂರು ಮತ್ತು ಸಾವಿರ ರೂಪಾಯಿಗಳ ನೋಟುಗಳು ರದ್ದಾದಾಗ ಅರವತ್ತು ದಾಟಿ ಮನೆಯಲ್ಲಿದ್ದನು. ಎರಡು ಪ್ರಸಂಗಗಳಿಗೂ ಗಾತ್ರದಲ್ಲಿ ಹೋಲಿಕೆಯಿಲ್ಲ, ನಿಜ. ಹಿಂದಿನದು ಕೆಲವೇ ಶ್ರೀಮಂತರನ್ನು ಮುಟ್ಟಿತು, ಈಚಿನದು ಮನೆಮನೆಯನ್ನು ಮುಟ್ಟಿತು. ಆದರೂ ಕೌಂಟರಿನ ಮುಂದೆ ಬೀದಿಯ ತನಕ ನಿಂತ ಸಾಲನ್ನು ಸಂಭಾಳಿಸಿದವರಲ್ಲಿ ಬಹುಮಂದಿ ನೌಕರಿಗೆ ಸೇರಿ ನಾಲ್ಕೈದು ವರ್ಷವೂ ಆಗದಿದ್ದವರು. ಅವರು ಹಗಲಿರುಳು ದುಡಿದರೆಂಬುದು ನಿರ್ವಿವಾದ. ನೋಟನ್ನು ಬೆರಳಿನಿಂದ ಸವರಿಯೇ ಖೋಟಾ ಎಂದು ಹೇಳುತ್ತಿದ್ದ, ರೇಗಿದ ಜನರನ್ನು ಒಂದು ಮಾತಿನಿಂದ ನಗಿಸುತ್ತಿದ್ದ ಹಳೆಯ ಕ್ಯಾಷಿಯರ್ ಆ ಹೊತ್ತಿನಲ್ಲಿ ಬಳಿಯಲ್ಲಿದ್ದಿದ್ದರೆ ಅವರ ಹೊರೆ ಎಷ್ಟೋ ಹಗುರವಾಗುತ್ತಿತ್ತು.

ಇಷ್ಟು ಹೇಳಿದುದರಿಂದ ಹಿರಿಯರೆಲ್ಲ ಜ್ಞಾನಭಂಡಾರಗಳು, ಕಿರಿಯರೆಲ್ಲ ಬರಿಗೈಯವರು ಎಂದು ಯಾರೂ ಭಾವಿಸಬಾರದು. ಗುಟ್ಟನ್ನು ಬಚ್ಚಿಟ್ಟುಕೊಳ್ಳುವ ಚಾಳಿ ನಮ್ಮ ಹಿರಿಯರಿಗೆ ಹೊಸದಲ್ಲ. ಮನೆತನದ ಔಷಧವನ್ನು ಮಗನಿಗೂ ಹೇಳದೆ ತೀರಿಕೊಂಡ ನಾಟಿವೈದ್ಯರು, ಓಲೆಯ ಕಟ್ಟನ್ನು ಗೆದ್ದಲಿಗೆ ಕೊಟ್ಟರೂ ನೆರೆಯ ಪಂಡಿತನಿಗೆ ತೋರಿಸದ ವಿದ್ವಾಂಸರು ಪ್ರತಿಯೊಂದು ಸೀಮೆಯಲ್ಲಿಯೂ ಇದ್ದರು. ಕಚೇರಿಯಲ್ಲಿ ಅಂಥವರ ವಂಶಸ್ಥರು ಈಗಲೂ ಉಂಟು. ತನಗೆ ಮಾತ್ರ ತಿಳಿದಿದೆಯೆಂಬುದೇ ತನ್ನ ಬೆಲೆಯೆಂದು ನಂಬಿದವನು ಹೇಳಿಕೊಡುವುದೆಂತು? 'ನಮ್ಮ ಕಾಲದಲ್ಲಿ' ಎಂದು ಆರಂಭಿಸಿ ಮಧ್ಯಾಹ್ನದ ಊಟದ ಬಿಡುವನ್ನೆಲ್ಲ ನುಂಗುವ ಇನ್ನೊಂದು ವರ್ಗವಿದೆ; ಅದರ ವಿಷಯ ಹೆಚ್ಚು ಹೇಳಬೇಕಾದ್ದಿಲ್ಲ.

ಕಿರಿಯರಿಂದ ಹಿರಿಯರು ಕಲಿಯುವುದೂ ಉಂಟು, ಕಲಿಯಲೇಬೇಕು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಮುಖ್ಯಸ್ಥನಾಗಿದ್ದ ಜಾಕ್ ವೆಲ್ಚ್ 1999ರಲ್ಲಿ ತನ್ನ ನೂರಾರು ಮಂದಿ ಮೇಲಧಿಕಾರಿಗಳಿಗೆ, ಕಿರಿಯ ನೌಕರರ ಬಳಿ ಕುಳಿತು ಅಂತರ್ಜಾಲದ ಉಪಯೋಗವನ್ನು ಕಲಿಯಿರೆಂದು ಆಜ್ಞಾಪಿಸಿದನು, ತಾನೂ ಕಲಿತನು. ಇದನ್ನು ಅಲ್ಲಿಯವರು ದೊಡ್ಡ ಶೋಧವೆಂಬಂತೆ ಕೊಂಡಾಡಿದರು. ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರನ್ನು ಜ್ಞಾನದಲ್ಲಿ ಹಿರಿಯರೆಂದು ಒಪ್ಪಿ ತಲೆಬಾಗಿದವರ ನಾಡಿಗೆ ಇದು ಅಷ್ಟೇನೂ ಹೊಸತಲ್ಲ. ಇಂದು ಬ್ಯಾಂಕಿನ ಹೆಸರು ಹೇಳಿ ದೂರವಾಣಿಯಲ್ಲಿ ಗುಪ್ತಸಂಖ್ಯೆ ಕೇಳುವ ವಂಚಕನ ಬಲೆಯನ್ನು ತರುಣ ಗುಮಾಸ್ತೆಯು ಕ್ಷಣದಲ್ಲಿ ಗುರುತಿಸುತ್ತಾಳೆ. ಮೂವತ್ತು ವರ್ಷ ಲೆಡ್ಜರ್ ಬರೆದ ಹಿರಿಯರು ಅದಕ್ಕೆ ಸಿಕ್ಕಿಬಿದ್ದ ನಿದರ್ಶನಗಳು ಬೇಕಾದಷ್ಟಿವೆ. ಪಹಣಿಯನ್ನು ಅವರು ಅವಳಿಗೆ ಓದಿಸಲಿ, ಫೋನನ್ನು ಅವಳು ಅವರಿಗೆ ಓದಿಸಲಿ. ಇದರಲ್ಲಿ ಮಾನಹಾನಿಯ ಮಾತೇ ಇಲ್ಲ.

ಕೃತಕ ಬುದ್ಧಿಯ ಯಂತ್ರಗಳು ಬಂದಿವೆ, ಯಾವ ಪ್ರಶ್ನೆ ಹಾಕಿದರೂ ಅವೇ ಉತ್ತರ ಕೊಡುತ್ತವೆ, ಇನ್ನು ಹಿರಿಯರೇಕೆ ಎಂದು ವಾದಿಸುವವರೂ ಹುಟ್ಟಿಕೊಂಡಿದ್ದಾರೆ. ಯಂತ್ರವು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಪಹಣಿಯ ಚುಕ್ಕಿಯನ್ನು ದಶಮಾಂಶವೆಂದು ನಂಬಿದವನು ಆ ವಿಷಯದಲ್ಲಿ ಪ್ರಶ್ನೆಯನ್ನೇ ಕೇಳುವುದಿಲ್ಲವಲ್ಲ! ಅವನು ಕೇಳದೆ ಬಿಟ್ಟದ್ದನ್ನು ಪಕ್ಕದಿಂದ ಬಗ್ಗಿ ನೋಡಿ, 'ತಾಳಪ್ಪ, ಅಲ್ಲಿ ಏನು ಬರೆದೆ' ಎನ್ನುವವರು ಬೇಕು. 2020ರ ಲಾಕ್‌ಡೌನ್ ಕಾಲದಲ್ಲಿ ಮನೆಯಿಂದಲೇ ನೌಕರಿ ಆರಂಭಿಸಿದ ಬೆಂಗಳೂರಿನ ಸಾಫ್ಟ್‌ವೇರ್ ತರುಣರಿಗೆ ಆ ಪಕ್ಕದ ಮೇಜೇ ಇರಲಿಲ್ಲ. ಅಂಥ ಸಂಸ್ಥೆಗಳಲ್ಲಿ ಮೆಂಟರ್ ಯೋಜನೆಗಳು ಇಲ್ಲವೆಂದಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆಯ ಭೇಟಿ, ಭೇಟಿಯಾಯಿತೆಂದು ತುಂಬಬೇಕಾದ ನಮೂನೆ. ನಮೂನೆ ತುಂಬುತ್ತದೆ, ತಲೆ ತುಂಬುವುದಿಲ್ಲ.

ತಲೆಮಾರುಗಳು ಒಂದೇ ಕೋಣೆಯಲ್ಲಿ ಕುಳಿತು ದುಡಿದಾಗ ಏನಾಗುತ್ತದೆಂಬುದಕ್ಕೆ ಕನ್ನಡದಲ್ಲಿಯೇ ಉಜ್ಜ್ವಲವಾದ ಸಾಕ್ಷಿಯಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಒಬ್ಬನ ಸೇವಾವಧಿಯಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ. ಅದರ ಹೊಣೆ ಹೊತ್ತಿದ್ದ ಡಿ.ಎಲ್. ನರಸಿಂಹಾಚಾರ್ಯರು 1971ರಲ್ಲಿ ದಿವಂಗತರಾದರು. ಕೆಲಸ ನಿಲ್ಲಲಿಲ್ಲ. ಜಿ. ವೆಂಕಟಸುಬ್ಬಯ್ಯನವರು ಪ್ರಧಾನ ಸಂಪಾದಕರಾಗಿ ಅದನ್ನು ಮುಂದುವರಿಸಿದರು. 1995ರಲ್ಲಿ ಎಂಟನೆಯ ಸಂಪುಟದೊಡನೆ ನಿಘಂಟು ಪೂರ್ಣವಾಯಿತು. ಚೀಟಿಯ ಮೇಲೆ ಶಬ್ದವನ್ನೂ ಪ್ರಯೋಗವನ್ನೂ ಬರೆಯುವುದು ಯಾರಿಗಾದರೂ ಬಂದೀತು. ಒಂದು ಶಬ್ದಕ್ಕೆ ಎಷ್ಟು ಅರ್ಥಗಳನ್ನು ಬೇರ್ಪಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ತೂಕವನ್ನು ಹಿರಿಯರ ಬಳಿ ಕುಳಿತು ತಿದ್ದಿಸಿಕೊಂಡೇ ಕಲಿಯಬೇಕು. ಆ ತಿದ್ದುವಿಕೆಯನ್ನು ಅಲ್ಲಿ ಯಾರೂ ಕಾಲಹರಣವೆಂದು ಕರೆಯಲಿಲ್ಲ. ಅದೇ ಕೆಲಸವಾಗಿತ್ತು. ವೆಂಕಟಸುಬ್ಬಯ್ಯನವರು 2021ರಲ್ಲಿ, ನೂರಾ ಏಳು ವರ್ಷ ತುಂಬಿದ ಮೇಲೆ, ಕಾಲವಾದರು.

ಈಗ ನಮ್ಮ ಶಾಲೆಗಳ ಮಾತಿಗೆ ಬರಬಹುದು, ಅವೂ ಉದ್ಯೋಗಶಾಲೆಗಳೇ. ಇತರರಿಗೆ ಕಲಿಸುವುದನ್ನೇ ವೃತ್ತಿಯಾಗಿ ಉಳ್ಳ ಈ ಮನೆಯಲ್ಲಿ ಅಧ್ಯಾಪಕನಿಗೆ ಕಲಿಸುವ ಏರ್ಪಾಡು ಬ್ಯಾಂಕಿನಲ್ಲಿರುವಷ್ಟೂ ಇಲ್ಲ. ಹಿರಿಯ ಉಪಾಧ್ಯಾಯರು ಅರವತ್ತು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಅನುದಾನಿತ ಶಾಲೆಗಳಲ್ಲಿ ಆ ಹುದ್ದೆಯನ್ನು ತುಂಬಲು ಅನುಮತಿ ದೊರೆತು, ಹೊಸಬರು ಬರುವುದರೊಳಗೆ ವರ್ಷಗಳೇ ಉರುಳುತ್ತವೆ. ಹೋಗುವವರೂ ಬರುವವರೂ ಬಾಗಿಲಲ್ಲಿಯೂ ಎದುರಾಗುವುದಿಲ್ಲ. ಹತ್ತನೆಯ ತರಗತಿಯ ಹಳಗನ್ನಡ ಪದ್ಯವನ್ನು ಮೊದಲು ರಾಗವಾಗಿ ಓದಿ, ಪದ ಬಿಡಿಸಿ, ಆಮೇಲೆ ಪ್ರಸ್ತಾರಕ್ಕೆ ಇಳಿಯಬೇಕೆಂಬ ಕ್ರಮ ಬಿ.ಎಡ್. ಪದವಿಯ ಪುಸ್ತಕಗಳಲ್ಲಿ ಸಿಕ್ಕುವುದು ವಿರಳ. ಸುಗ್ಗಿ ಮುಗಿಯುತ್ತಲೇ ಹಿಂದಿನ ಬೆಂಚಿನ ಮೂವರು ಹುಡುಗರು ಏಕೆ ಬರುವುದಿಲ್ಲ, ಅವರ ತಂದೆತಾಯಿಗಳು ಯಾವ ಊರಿಗೆ ಗುಳೆ ಹೋದರು, ಅಜ್ಜಿಯ ಮನೆಯಲ್ಲಿ ಬಿಟ್ಟುಹೋಗಿರೆಂದು ಯಾರ ಮೂಲಕ ಹೇಳಿಸಿದರೆ ನಡೆಯುತ್ತದೆ ಎಂಬುದು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಅದು ಒಬ್ಬ ಹಿರಿಯರ ನೆನಪಿನಲ್ಲಿರುತ್ತದೆ. ಹೊಸಬರಿಗೆ ಅದು ತಿಳಿಯದಿದ್ದರೆ ಆ ಮೂವರು ಹುಡುಗರ ಓದು ಅಲ್ಲಿಗೆ ನಿಂತೀತು. ಅತ್ತ ಹೊಸಬರೂ ಬರಿಗೈಯಲ್ಲಿ ಬರುವುದಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಪಾಠವನ್ನು ಮೊಬೈಲಿನಲ್ಲಿ ಮುದ್ರಿಸಿ ಮಕ್ಕಳಿಗೆ ಮುಟ್ಟಿಸುವುದನ್ನು ಹಿರಿಯ ಉಪಾಧ್ಯಾಯರಿಗೆ ಕಲಿಸಿಕೊಟ್ಟವರು ಎಷ್ಟೋ ಕಡೆ ಕಿರಿಯ ಸಹೋದ್ಯೋಗಿಗಳೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ನಿವೃತ್ತ ಮತ್ತು ಹಿರಿಯ ಅಧ್ಯಾಪಕರಿಂದ ಕಿರಿಯರಿಗೆ ಮಾರ್ಗದರ್ಶನ ಮಾಡಿಸುವ ರಾಷ್ಟ್ರೀಯ ಯೋಜನೆಯೊಂದನ್ನು ಸೂಚಿಸಿದೆ. ಆ ನೀತಿಯ ಇತರ ಗುಣದೋಷಗಳ ಚರ್ಚೆ ಇಲ್ಲಿ ಅಪ್ರಸ್ತುತ. ಈ ಒಂದು ಸೂಚನೆಗೆ ದೆಹಲಿಯ ಅಪ್ಪಣೆಗಾಗಿ ಕಾಯಬೇಕಾದ ಅಗತ್ಯವಿಲ್ಲ. ದಾನಿಗಳು ಇದುವರೆಗೆ ಕೊಠಡಿಗಳನ್ನು ಕಟ್ಟಿಸಿಕೊಟ್ಟಿದ್ದಾರೆ, ಬೆಂಚುಗಳನ್ನು ಕೊಟ್ಟಿದ್ದಾರೆ, ಬಾಗಿಲ ಮೇಲೆ ಅಮೃತಶಿಲೆಯಲ್ಲಿ ಹೆಸರು ಕೆತ್ತಿಸಿದ್ದಾರೆ. ಅದು ತಪ್ಪಲ್ಲ, ಮಳೆಗಾಲದಲ್ಲಿ ಮಕ್ಕಳ ತಲೆಯ ಮೇಲೆ ಸೂರು ಬೇಕೇ ಬೇಕು. ಆದರೆ ನಿವೃತ್ತರಾದ ಉಪಾಧ್ಯಾಯರೊಬ್ಬರು ಒಂದು ವರ್ಷ ವಾರಕ್ಕೆರಡು ದಿನ ಶಾಲೆಗೆ ಬಂದು, ಹೊಸ ಅಧ್ಯಾಪಕರ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ಪಾಠ ಮುಗಿದ ಮೇಲೆ ಅವರೊಡನೆ ಒಂದು ಪೀರಿಯಡ್ ಮಾತನಾಡುವುದಕ್ಕೆ ಕೊಡಬೇಕಾದ ಗೌರವಧನವು ಒಂದು ಕೊಠಡಿಯ ಬಾಗಿಲು ಕಿಟಕಿಗಳ ವೆಚ್ಚವನ್ನೂ ಮುಟ್ಟಲಾರದು. ಹೆಸರನ್ನು ಎಲ್ಲಿ ಕೆತ್ತಿಸುವುದೆಂಬ ತೊಡಕೊಂದುಂಟು; ಅದನ್ನು ದಾನಿಗಳ ಔದಾರ್ಯಕ್ಕೇ ಬಿಡಬೇಕು.

ಪೀರಿಯಡ್ ಎಲ್ಲಿಂದ ತರುವುದೆಂದು ಮುಖ್ಯೋಪಾಧ್ಯಾಯರು ಕೇಳಿಯಾರು. ನ್ಯಾಯವಾದ ಪ್ರಶ್ನೆಯೇ. ರಜೆಯಲ್ಲಿರುವವರ ತರಗತಿಗಳನ್ನು ಹೊಸಬರ ತಲೆಗೇ ಕಟ್ಟುವ ವಾಡಿಕೆ ಎಲ್ಲ ಶಾಲೆಗಳಲ್ಲಿಯೂ ಇದೆ. ಮೊದಲ ವರ್ಷದಮಟ್ಟಿಗೆ ಅದನ್ನು ಬಿಟ್ಟುಕೊಟ್ಟರೆ ವಾರಕ್ಕೆರಡು ಪೀರಿಯಡ್ ಉಳಿಯುತ್ತದೆ. ಆದರೆ ಅದು ವೇಳಾಪಟ್ಟಿಯಲ್ಲಿ ಗಣಿತ, ವಿಜ್ಞಾನಗಳಂತೆಯೇ ಅಚ್ಚಾಗಿರಬೇಕು. ಬಿಡುವಿದ್ದಾಗ ಭೇಟಿಯಾಗಿರಿ ಎಂದರೆ ಬಿಡುವು ಎಂದಿಗೂ ಆಗುವುದಿಲ್ಲ. ಊರಿನಲ್ಲಿಯೇ ನೆಲಸಿರುವ ನಿವೃತ್ತ ಉಪಾಧ್ಯಾಯರ ಪಟ್ಟಿಯನ್ನು ಏಪ್ರಿಲ್ ರಜೆಗೆ ಮುಂಚೆಯೇ ಬರೆದಿಟ್ಟುಕೊಂಡು, ಅವರಲ್ಲಿ ಹೇಳುವುದರಷ್ಟೇ ಕೇಳುವುದನ್ನೂ ಬಲ್ಲವರು ಇಬ್ಬರು ಮೂವರನ್ನು ಆರಿಸಿಕೊಂಡರೆ, ಜೂನ್ ಮೊದಲ ವಾರದ ವೇಳಾಪಟ್ಟಿಯಲ್ಲಿಯೇ ಈ ಪೀರಿಯಡುಗಳಿಗೆ ಜಾಗ ಮಾಡಬಹುದು.